ಪಿಸ್ತೂಲಿಗೆ ಜಾಸ್ತಿ ಜೋರಿನ ಕಾಟ್ರಿಡ್ಜ್: ಬ್ಯಾರಲ್ ಬದಲಿಸಬೇಕಾ, ಪಿಸ್ತೂಲನ್ನೇ ಬದಲಿಸಬೇಕಾ?

ಪಿಸ್ತೂಲು ಇಟ್ಟುಕೊಂಡು ವರ್ಷಗಟ್ಟಲೆ ಅಭ್ಯಾಸ ಮಾಡಿದವರಿಗೆ ಒಂದಲ್ಲ ಒಂದು ದಿನ ಈ ಆಸೆ ಬರುತ್ತದೆ. ಪಿಸ್ತೂಲು ಕೈಗೆ ಒಗ್ಗಿದೆ. ಅದರ ಟ್ರಿಗರ್ ಎಲ್ಲಿ ಬಿಡುತ್ತದೆ ಅಂತ ಬೆರಳಿಗೆ ಗೊತ್ತು. ಇದರಲ್ಲೇ ಇನ್ನೂ ಜೋರಾದ ಕಾಟ್ರಿಡ್ಜ್ (ಗುಂಡು, ಮದ್ದು, ಹಿತ್ತಾಳೆ ಕೋಶ ಎಲ್ಲ ಸೇರಿದ ತೋಟಾ) ಹಾರಿಸುವಂತಾದರೆ ಹೊಸದು ಯಾಕೆ ಕೊಳ್ಳಬೇಕು, ಅಲ್ವಾ? ಮಾರುಕಟ್ಟೆಯಲ್ಲಿ ಕಿಟ್‌ಗಳೂ ಸಿಗುತ್ತವೆ. ಬ್ಯಾರಲ್ ಒಂದು, ಸ್ಪ್ರಿಂಗ್ ಒಂದು, ಹತ್ತು ನಿಮಿಷದ ಕೆಲಸ ಅಂತ ಅದರ ಡಬ್ಬಿ ಮೇಲೆ ಬರೆದಿರುತ್ತದೆ.

ಹತ್ತು ನಿಮಿಷದ ಕೆಲಸ ಅನ್ನೋದು ಕೆಲವು ಬದಲಾವಣೆಗಳಿಗೆ ನಿಜ. ಕೆಲವಕ್ಕೆ ಅರ್ಧ ನಿಜ. ಇನ್ನು ಕೆಲವಕ್ಕೆ ಆ ಮಾತನ್ನು ನಂಬಿದರೆ ಕೈಗೇ ಪೆಟ್ಟು. ಯಾವುದು ಯಾವ ಗುಂಪಿಗೆ ಸೇರುತ್ತದೆ ಅನ್ನೋದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಆಯ್ಕೆ ಮಾಡುವಾಗ ಹೆಚ್ಚಿನವರು ಮೊದಲು ನೋಡೋದು ಗುಂಡಿನ ವೇಗ. ನಾನು ಮೊದಲು ನೋಡೋದು ಎರಡೇ ಸಂಗತಿ. ಒಂದು, ಕೇಸ್‌ನ (ಮದ್ದು ತುಂಬಿದ ಹಿತ್ತಾಳೆ ಕೋಶ) ಬುಡಕ್ಕೆ ಚೇಂಬರ್ (ಬ್ಯಾರಲ್‌ನ ಹಿಂದೆ ಕಾಟ್ರಿಡ್ಜ್ ಕೂರುವ ಜಾಗ) ಎಷ್ಟು ಆಸರೆ ಕೊಡುತ್ತದೆ. ಎರಡು, ಜೋರಿನ ಕಾಟ್ರಿಡ್ಜ್ ತಪ್ಪಿ ಬೇರೆ ಸಾದಾ ಪಿಸ್ತೂಲಿನೊಳಗೆ ಹೋಗಿ ಕೂರಬಹುದಾ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೆಲವು ದೇಶಗಳಲ್ಲಿ ಬ್ಯಾರಲ್ ಒಂದಕ್ಕೇ ಪ್ರತ್ಯೇಕ ಪರವಾನಗಿ ಬೇಕು. ಕೆಲವು ಕಡೆ ಪರವಾನಗಿಯಲ್ಲಿ ಬರೆದ ಕ್ಯಾಲಿಬರ್ ಬಿಟ್ಟು ಬೇರೆ ಹಾಕುವಂತೆಯೇ ಇಲ್ಲ. ಕಿಟ್‌ಗೆ ದುಡ್ಡು ಕೊಡುವ ಮುಂಚೆ ನಿಮ್ಮ ಕಡೆಯ ಕಾನೂನು ಕೇಳಿಕೊಳ್ಳಿ. ಅಲ್ಲಿ ಆಗಲ್ಲ ಅಂದರೆ ಆಗಲ್ಲ, ಮುಂದಿನದು ಓದಿನ ಖುಷಿಗೆ ಮಾತ್ರ.

ಒಳಗೆ ಏನಾಗುತ್ತದೆ

ಜೋರಾದ ಕಾಟ್ರಿಡ್ಜ್ ಹಾಕಿದಾಗ ಎರಡು ಬೇರೆ ಬೇರೆ ತೊಂದರೆ ಏಳುತ್ತವೆ. ಜನ ಇವೆರಡನ್ನೂ ಒಂದೇ ಅಂದುಕೊಂಡು ಬರೀ ಸ್ಪ್ರಿಂಗ್ ಬಿಗಿ ಮಾಡಿ ಸುಮ್ಮನಾಗುತ್ತಾರೆ.

ಮೊದಲನೆಯದು ಒತ್ತಡ. .45 ಎಸಿಪಿ ಕಾಟ್ರಿಡ್ಜ್‌ಗೆ ಗರಿಷ್ಠ ಒತ್ತಡ 21,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಅಂತ ಅಮೆರಿಕದ ಬಂದೂಕು, ಕಾಟ್ರಿಡ್ಜ್ ತಯಾರಕರ ಸಾಮಿ ಸಂಸ್ಥೆಯ ಮಾನದಂಡ ಹೇಳುತ್ತದೆ. +ಪಿ (ಒತ್ತಡ ಸ್ವಲ್ಪ ಏರಿಸಿದ್ದು) ಅಂತ ಬರೆದದ್ದಕ್ಕೆ 23,000. ಈಗಿನ ಲೆಕ್ಕದಲ್ಲಿ ಇದು ತುಂಬಾ ಮೆದು. 9 ಎಂಎಂಗೇ 35,000 ಇದೆ. ಮೆದು ಒತ್ತಡ ಅಂತಲೇ 1911 ಅನ್ನೋ ಹಳೆಯ ಮಾದರಿಯ .45 ಪಿಸ್ತೂಲಿನ ಚೇಂಬರ್‌ನಲ್ಲಿ ಕೆಳಗಡೆ ಸ್ವಲ್ಪ ಜಾಗ ಕೊರೆದು ಬಿಟ್ಟಿದ್ದಾರೆ. ಮ್ಯಾಗಜೀನ್‌ನಿಂದ ಮೇಲೆ ಬರುವ ಕಾಟ್ರಿಡ್ಜ್ ಜಾರಿಕೊಂಡು ಒಳಗೆ ಹೋಗಲಿ ಅಂತ ಮಾಡಿದ ಇಳಿಜಾರು ಅದು. ಆ ಜಾಗದಲ್ಲಿ ಕೇಸ್‌ಗೆ ಉಕ್ಕಿನ ಆಸರೆ ಇಲ್ಲ. ಹಿತ್ತಾಳೆ ತಾನೇ ತಡೆದುಕೊಳ್ಳಬೇಕು. 21,000ಕ್ಕೆ ತಡೆದುಕೊಳ್ಳುತ್ತದೆ. 40,000ಕ್ಕೆ ಸಾದಾ ಹಿತ್ತಾಳೆ ತಡೆಯುತ್ತೆ ಅಂತ ನಂಬಿಕೊಂಡು ಕೂರೋಕೆ ಆಗಲ್ಲ.

ಇದನ್ನು ಕಣ್ಣಿನಿಂದಲೇ ನೋಡಬಹುದು. ಹಾರಿಸಿದ ಮೇಲೆ ಕೆಳಗೆ ಬಿದ್ದ ಕೇಸ್ ಒಂದನ್ನು ಎತ್ತಿಕೊಳ್ಳಿ. ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ, ಬುಡದ ಹತ್ತಿರ ಹೆಬ್ಬೆರಳಿನ ಉಗುರು ಓಡಿಸಿ. ಒಂದು ಕಡೆ ಮಾತ್ರ ಸಣ್ಣ ಉಬ್ಬು ಸಿಕ್ಕರೆ ಅದೇ ಆಸರೆ ಇಲ್ಲದ ಜಾಗ. ಉಬ್ಬಿನ ಅಂಚಿನಲ್ಲಿ ಅರ್ಧಚಂದ್ರದ ಹಾಗೆ ಗೀರು ಬಿದ್ದಿದ್ದರೆ ಹಿತ್ತಾಳೆ ಹರಿಯೋಕೆ ಸಿದ್ಧವಾಗಿದೆ ಅಂತಲೇ ಅರ್ಥ. ಅಮೆರಿಕದ ಶೂಟರ್‌ಗಳು ಇದನ್ನು 'ನಗು' ಅಂತ ಕರೆಯುತ್ತಾರೆ. ನನಗೆ ಆ ಹೆಸರು ಹಿಡಿಸಲ್ಲ. ನಮ್ಮ ಅಭ್ಯಾಸದ ಜಾಗದಲ್ಲಿ ಒಬ್ಬರ ಪಿಸ್ತೂಲಿನಲ್ಲಿ ಕೇಸ್ ಅಲ್ಲೇ ಹರಿದಿತ್ತು. ಬಿಸಿ ಗ್ಯಾಸ್ ಮ್ಯಾಗಜೀನ್ ಒಳಗೆ ನುಗ್ಗಿ ಅದರ ತಳ ಕಿತ್ತು ನೆಲಕ್ಕೆ ಎಸೆಯಿತು, ಹಿಡಿಯ ಎರಡೂ ಕಡೆಯ ಮರ ಸೀಳಿತು. ಅವರ ಕೈ ಉಳಿದದ್ದು ದೊಡ್ಡದು. ಆ ಸದ್ದು ಬೇರೆ ಥರ ಇತ್ತು. ಅಕ್ಕಪಕ್ಕ ನಿಂತಿದ್ದ ಎಲ್ಲರೂ ಒಟ್ಟಿಗೆ ತಿರುಗಿ ನೋಡಿದೆವು.

ಎರಡನೆಯದು ಒದೆತ. ಗುಂಡನ್ನು ಮುಂದೆ ತಳ್ಳಿದಷ್ಟೇ ಬಲ ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಮತ್ತು ಬ್ಯಾರಲನ್ನು ಹಿಂದೆ ತಳ್ಳುತ್ತದೆ. 230 ಗ್ರೇನ್ ತೂಕದ ಗುಂಡು ಸೆಕೆಂಡಿಗೆ 850 ಅಡಿ ಹೋಗುವ ಬದಲು 1,340 ಅಡಿ ಹೋದರೆ ಸ್ಲೈಡ್‌ನ ವೇಗ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿಯಾಗುತ್ತದೆ. ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಸ್ಲೈಡ್ ಫ್ರೇಮ್‌ಗೆ (ಹಿಡಿ ಇರುವ ಕೆಳಭಾಗ) ಬಂದು ಬಡಿಯುವ ಪೆಟ್ಟು ಸುಮಾರು ಎರಡೂವರೆ ಪಟ್ಟು. ಇದನ್ನು ಬಿಗಿ ಸ್ಪ್ರಿಂಗ್ ಒಂದೇ ತಡೆಯಲಾರದು. ಸ್ಲೈಡ್‌ಗೆ ಮೊದಲ ವೇಗ ಬಂದುಬಿಡುವ ಹೊತ್ತಿಗೆ ಸ್ಪ್ರಿಂಗ್ ಇನ್ನೂ ಕೆಲಸಕ್ಕೆ ಶುರು ಹಚ್ಚಿಕೊಂಡಿರುವುದಿಲ್ಲ. ಅದು ಹಿಂದೆ ಬರುವ ದಾರಿಯಲ್ಲಿ ಸ್ವಲ್ಪ ಶಕ್ತಿ ನುಂಗುತ್ತದೆ, ನುಂಗಿದ್ದನ್ನು ವಾಪಸ್ ಮುಂದಕ್ಕೆ ಬಡಿಯುವಾಗ ಕಕ್ಕುತ್ತದೆ. ಆಗ ಸ್ಲೈಡ್ ಮುಚ್ಚುವ ಹೊಡೆತವೂ ಜೋರಾಗುತ್ತದೆ. ಪೆಟ್ಟನ್ನು ನಿಜವಾಗಿ ಇಳಿಸುವುದು ತೂಕ, ಮತ್ತೆ ಬ್ಯಾರಲ್ ತುದಿಯಲ್ಲಿ ಗ್ಯಾಸನ್ನು ಮೇಲಕ್ಕೆ ಬಿಡುವ ಕಾಂಪನ್ಸೇಟರ್. 1911ರಲ್ಲಾದರೆ ತಳ ಚಪ್ಪಟೆಯಾದ ಫೈರಿಂಗ್ ಪಿನ್ ಸ್ಟಾಪ್ ಕೂಡ ಸಹಾಯ ಮಾಡುತ್ತದೆ. ಸ್ಲೈಡ್ ಹಿಂದೆ ಬರುತ್ತಾ ಹ್ಯಾಮರ್ ಮಡಚಬೇಕಲ್ಲ, ಆ ಕೆಲಸ ಇದರಿಂದ ಕಷ್ಟವಾಗಿ ಸ್ಲೈಡ್ ಹೊರಡುವುದು ತಡವಾಗುತ್ತದೆ. ಚಿಕ್ಕ ಭಾಗ, ಆದರೆ ಒಳ್ಳೆಯ ಗನ್‌ಸ್ಮಿತ್‌ಗಳು ಇದನ್ನು ಮರೆಯಲ್ಲ.

.40ರಿಂದ .357 ಸಿಗ್: ಎಲ್ಲಕ್ಕಿಂತ ಸ್ವಚ್ಛವಾದ ಬದಲಾವಣೆ

ನಿಮ್ಮ ಹತ್ತಿರ .40 ಎಸ್ ಆ್ಯಂಡ್ ಡಬ್ಲ್ಯೂ (ಸ್ಮಿತ್ ಆ್ಯಂಡ್ ವೆಸ್ಸನ್) ಪಿಸ್ತೂಲು ಇದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. .357 ಸಿಗ್ ಕಾಟ್ರಿಡ್ಜನ್ನು 1994ರಲ್ಲಿ ಸಿಗ್ ಸಾವರ್ ಮತ್ತು ಫೆಡರಲ್ ಕಂಪನಿಗಳು ಸೇರಿ ಮಾಡಿದವು. .357 ಮ್ಯಾಗ್ನಂ ರಿವಾಲ್ವರ್‌ನ 125 ಗ್ರೇನ್ ಗುಂಡಿನ ಕೆಲಸವನ್ನು ಪಿಸ್ತೂಲಿನಲ್ಲಿ ಮಾಡಿಸಬೇಕು ಅನ್ನೋದು ಗುರಿ. ಅದಕ್ಕೆ .40ರ ಕೇಸ್‌ನ ಅಳತೆ ಹಿಡಿದು, ಅದರ ಕತ್ತನ್ನು 9 ಎಂಎಂ ಗುಂಡಿಗೆ ತಕ್ಕಂತೆ ಕಿರಿದು ಮಾಡಿದರು. ಬುಡ ಮಾತ್ರ .40ರದ್ದೇ. ಹಾಗಾಗಿ ಸ್ಲೈಡ್ ಅದೇ, ಎಕ್ಸ್‌ಟ್ರಾಕ್ಟರ್ (ಕೇಸ್ ಹೊರಗೆ ಎಳೆಯುವ ಕೊಕ್ಕೆ) ಅದೇ, ಮ್ಯಾಗಜೀನ್ ಕೂಡ ಅದೇ. ಗ್ಲಾಕ್ 22 ಆಗಲಿ, .40ರ ಸಿಗ್ ಪಿ229 ಆಗಲಿ, ಬ್ಯಾರಲ್ ತೆಗೆದು .357 ಸಿಗ್‌ನ ಬ್ಯಾರಲ್ ಹಾಕಿದರೆ ಕೆಲಸ ಮುಗಿಯಿತು. ಇಲ್ಲಿ ಹತ್ತು ನಿಮಿಷ ಅನ್ನೋದೂ ಜಾಸ್ತಿಯೇ.

ಒತ್ತಡ 35,000ದಿಂದ 40,000ಕ್ಕೆ ಏರುತ್ತದೆ. ಇದು ದೊಡ್ಡ ಜಿಗಿತ ಅಲ್ಲ. ಮೊದಲಿಂದಲೂ ಜೋರು ಒತ್ತಡಕ್ಕೆ ಅಂತಲೇ ಕಟ್ಟಿದ ಪಿಸ್ತೂಲುಗಳು ಇವು. 125 ಗ್ರೇನ್ ಗುಂಡು ಸೆಕೆಂಡಿಗೆ 1,350 ಅಡಿಯ ಸುತ್ತಮುತ್ತ ಹೋಗುತ್ತದೆ, ಅಂದರೆ ಸುಮಾರು 500 ಅಡಿ-ಪೌಂಡ್ ಶಕ್ತಿ. ಕಿರಿದಾದ ಮೂತಿ ಅಗಲವಾದ ಚೇಂಬರ್‌ಗೆ ಹೋಗುವುದರಿಂದ ಸಿಕ್ಕಿಕೊಳ್ಳುವುದೂ ಕಡಿಮೆ.

ಕೊರತೆ ಇಲ್ಲ ಅಂತಲ್ಲ. ಸದ್ದು ಕಿವಿಗೆ ಚುಚ್ಚುತ್ತದೆ. ಬ್ಯಾರಲ್ ತುದಿಯಲ್ಲಿ ಬೆಂಕಿ ಜಾಸ್ತಿ. ಕಾಟ್ರಿಡ್ಜ್ 9 ಎಂಎಂನಷ್ಟು ಸುಲಭವಾಗಿ ಸಿಗಲ್ಲ, ಬೆಲೆಯೂ ಮೇಲೆ. ಹುಷಾರಾಗಿರಬೇಕಾದ್ದು ಒಂದೇ: ಮ್ಯಾಗಜೀನ್ ಎರಡಕ್ಕೂ ಹೊಂದುತ್ತದೆ ಅನ್ನೋದೇ ಇಲ್ಲಿ ಅಪಾಯವೂ ಹೌದು. ಯಾವ ಬ್ಯಾರಲ್ ಹಾಕಿದ್ದೀರಿ ಅಂತ ಮ್ಯಾಗಜೀನ್‌ಗೆ ಗೊತ್ತಾಗಲ್ಲ. ಎರಡನ್ನೂ ಬೇರೆ ಬೇರೆ ಚೀಲದಲ್ಲಿಡಿ, ಒಂದೇ ದಿನ ಎರಡನ್ನೂ ಒಯ್ಯಬೇಡಿ.

9 ಎಂಎಂ ಪಿಸ್ತೂಲು ಇದ್ದವರು ಇದೇ ದಾರಿ ಹಿಡಿಯಬಹುದಾ ಅಂತ ಕೇಳುತ್ತಾರೆ. ಆಗಲ್ಲ. 9 ಎಂಎಂ ಕೇಸ್‌ನ ರಿಮ್ (ಬುಡದ ಅಂಚಿನ ಅಗಲ) 0.394 ಇಂಚು, .40ರದ್ದು 0.424. ಸ್ಲೈಡ್‌ನ ಮುಖದಲ್ಲಿ ಕೇಸ್ ಕೂರುವ ಗುಂಡಿ ಅಷ್ಟು ಅಗಲ ಇರುವುದಿಲ್ಲ. 9 ಎಂಎಂ ಇಟ್ಟುಕೊಂಡವರಿಗೆ ನನ್ನ ಸಲಹೆ ಇಷ್ಟೇ: ತಯಾರಕರು ಒಪ್ಪಿದ್ದರೆ ಕಂಪನಿಯ +ಪಿ ಕಾಟ್ರಿಡ್ಜ್ ಹಾಕಿ, ಅದರ ಮಿತಿ 38,500 ಪಿಎಸ್‌ಐ. ಅಲ್ಲಿಗೆ ನಿಲ್ಲಿಸಿ.

.45 ಸೂಪರ್: ಕಡಿಮೆ ಬದಲಾವಣೆ, ಜಾಸ್ತಿ ಎಚ್ಚರ

.45 ಎಸಿಪಿ ಇಟ್ಟುಕೊಂಡವರಿಗೆ ಆಯ್ಕೆಗಳು ಜಾಸ್ತಿ, ಗೊಂದಲವೂ ಜಾಸ್ತಿ. 1988ರಲ್ಲಿ ಬರಹಗಾರ ಡೀನ್ ಗ್ರೆನೆಲ್ ಒಂದು ವಿಚಾರ ಮುಂದಿಟ್ಟರು. ಕೇಸ್‌ನ ಹೊರ ಅಳತೆ .45 ಎಸಿಪಿಯದ್ದೇ ಇರಲಿ, ಬುಡದ ಗೋಡೆ ಮಾತ್ರ ದಪ್ಪ ಮಾಡೋಣ, ಆಗ ಒತ್ತಡ ಏರಿಸಬಹುದು ಅಂತ. ಟೆಕ್ಸಾಸ್‌ನ ಗನ್‌ಸ್ಮಿತ್ ಏಸ್ ಹಿಂಡ್‌ಮನ್ ಅದಕ್ಕೆ ತಕ್ಕ ಪಿಸ್ತೂಲು ಕಟ್ಟಿ ತೋರಿಸಿದರು. ಒತ್ತಡ 28,000 ಪಿಎಸ್‌ಐ. 230 ಗ್ರೇನ್ ಗುಂಡು 1,100 ಅಡಿ ವೇಗ ಹಿಡಿದರೆ ಶಕ್ತಿ 618 ಅಡಿ-ಪೌಂಡ್. ಸಾದಾ .45ರಲ್ಲಿ 850 ಅಡಿಗೆ ಅದು 369 ಮಾತ್ರ. ಇದು ನಿಜಕ್ಕೂ ದೊಡ್ಡ ಗಳಿಕೆ.

ಬದಲಿಸಬೇಕಾದ್ದು ಸ್ವಲ್ಪವೇ. 1911ಕ್ಕೆ ಮಾಮೂಲಿ 16 ಪೌಂಡ್ ಸ್ಪ್ರಿಂಗ್ ಬದಲು 20ರಿಂದ 22 ಪೌಂಡ್‌ನದ್ದು, ಚಪ್ಪಟೆ ತಳದ ಫೈರಿಂಗ್ ಪಿನ್ ಸ್ಟಾಪ್, ಮ್ಯಾಗಜೀನ್‌ಗೆ ಬಿಗಿ ಸ್ಪ್ರಿಂಗ್. ಮ್ಯಾಗಜೀನ್ ಸ್ಪ್ರಿಂಗ್ ಯಾಕೆ ಅಂದರೆ, ಸ್ಲೈಡ್ ಈಗ ಬೇಗ ಹಿಂದೆ ಹೋಗಿ ಬೇಗ ಮುಂದೆ ಬರುತ್ತದೆ. ಅಷ್ಟರೊಳಗೆ ಮುಂದಿನ ಕಾಟ್ರಿಡ್ಜ್ ಮೇಲೇರಿ ನಿಂತಿರಬೇಕು. ನಿಲ್ಲದಿದ್ದರೆ ಸ್ಲೈಡ್ ಖಾಲಿ ಚೇಂಬರ್ ಮೇಲೆ ಮುಚ್ಚಿಕೊಳ್ಳುತ್ತದೆ, ಇಲ್ಲವೇ ಕಾಟ್ರಿಡ್ಜ್‌ನ ನಡುವಿಗೆ ಗುದ್ದುತ್ತದೆ. ಬ್ಯಾರಲ್ ಕೂಡ ಬುಡಕ್ಕೆ ಪೂರ್ತಿ ಆಸರೆ ಕೊಡುವಂಥದ್ದನ್ನೇ ಹಾಕಿಸಿ ಅಂತ ನನ್ನ ಮಾತು. ಹಳೇ ಬ್ಯಾರಲ್‌ನಲ್ಲೂ ನಡೆಯುತ್ತೆ ಅನ್ನುವವರಿದ್ದಾರೆ. ನಡೆಯಬಹುದು. ನನ್ನ ಪಿಸ್ತೂಲಿನಲ್ಲಿ ನಾನು ಬಿಡಲ್ಲ.

ಆದರೆ .45 ಸೂಪರ್‌ನ ನಿಜವಾದ ದೋಷ ಅದರ ಒತ್ತಡದಲ್ಲಿಲ್ಲ, ಅಳತೆಯಲ್ಲಿದೆ. ಹೊರಗಿನಿಂದ ಅದು .45 ಎಸಿಪಿಯೇ. ಜಗತ್ತಿನ ಯಾವ .45 ಎಸಿಪಿ ಪಿಸ್ತೂಲಿನೊಳಗೂ ಸಲೀಸಾಗಿ ಹೋಗಿ ಕೂರುತ್ತದೆ. ಅಜ್ಜನ ಕಾಲದ 1911ರಲ್ಲೂ ಕೂರುತ್ತದೆ. ಪೆಟ್ಟಿಗೆಯಿಂದ ಹೊರಗೆ ತೆಗೆದು ಮೇಜಿನ ಮೇಲೆ ಚೆಲ್ಲಿದರೆ ಎರಡರ ನಡುವೆ ಗುರುತು ಅಂದರೆ ಬುಡದ ಮೇಲೆ ಒತ್ತಿದ ಪುಟ್ಟ ಅಕ್ಷರಗಳು ಮಾತ್ರ.

ಈ ಪಾಠ ಹೊಸದಲ್ಲ. 1929ರಲ್ಲಿ ಕೋಲ್ಟ್ .38 ಸೂಪರ್ ತಂದಾಗಲೂ ಇದೇ ಆಗಿತ್ತು. ಹಳೆಯ .38 ಎಸಿಪಿಯ ಅಳತೆಯನ್ನೇ ಇಟ್ಟುಕೊಂಡು ಮದ್ದು ಜೋರು ಮಾಡಿದರು. ಈಗಿನ ಮಾನದಂಡದಲ್ಲಿ ಎಸಿಪಿಗೆ 26,500, ಸೂಪರ್‌ಗೆ 36,500. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಬಂದ ಕೋಲ್ಟ್ ಪಿಸ್ತೂಲುಗಳು ಈ ಹೊಸ ಒತ್ತಡಕ್ಕೆ ಮಾಡಿದವಲ್ಲ, ಆದರೆ ಸೂಪರ್ ಕಾಟ್ರಿಡ್ಜ್ ಅವುಗಳೊಳಗೂ ಹೋಗುತ್ತದೆ. ಇವತ್ತಿಗೂ ಹಳೆಯ .38 ಕೋಲ್ಟ್ ಕೊಳ್ಳುವವರಿಗೆ ಮೊದಲು ಹೇಳುವ ಎಚ್ಚರ ಇದೇ. ಮನೆಯಲ್ಲಿ ಇನ್ನೊಂದು ಸಾದಾ .45 ಇದ್ದರೆ, ಅಥವಾ ಪಿಸ್ತೂಲು ಹಂಚಿಕೊಂಡು ಅಭ್ಯಾಸ ಮಾಡುವ ಗೆಳೆಯರಿದ್ದರೆ, .45 ಸೂಪರ್ ಬೇಡ ಅಂತಲೇ ಹೇಳುತ್ತೇನೆ.

.460 ರೋಲೆಂಡ್: ಅಳತೆ ಸರಿಪಡಿಸಿದರು, ಪಿಸ್ತೂಲು ದುಡಿಯಬೇಕು

ಲೂಯಿಸಿಯಾನದ ಜಾನಿ ರೋಲೆಂಡ್ 1990ರ ದಶಕದ ಕೊನೆಯಲ್ಲಿ ಕ್ಲಾರ್ಕ್ ಕಸ್ಟಮ್ ಗನ್ಸ್ ಜೊತೆ ಸೇರಿ ಮಾಡಿದ ಕಾಟ್ರಿಡ್ಜ್ ಇದು. ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು ಸಣ್ಣ ಜಾಣತನ. ಕೇಸ್ .45 ಎಸಿಪಿಗಿಂತ ಒಂದು ಇಂಚಿನ ಹದಿನಾರನೇ ಒಂದು ಭಾಗ, ಅಂದರೆ ಸುಮಾರು ಒಂದೂವರೆ ಮಿಲಿಮೀಟರ್ ಉದ್ದ. ಗುಂಡನ್ನು ಅಷ್ಟೇ ಒಳಗೆ ಕೂರಿಸಿದ್ದಾರೆ, ಹಾಗಾಗಿ ಪೂರ್ತಿ ಕಾಟ್ರಿಡ್ಜ್‌ನ ಉದ್ದ ಬದಲಾಗಿಲ್ಲ, ಮಾಮೂಲಿ ಮ್ಯಾಗಜೀನ್ ಸಾಕು. ಆದರೆ ಸಾದಾ .45ರ ಚೇಂಬರ್‌ಗೆ ಹಾಕಿದರೆ ಕೇಸ್‌ನ ಬಾಯಿ ಮುಂದಿನ ಅಂಚಿಗೆ ತಾಕಿ ನಿಂತುಬಿಡುತ್ತದೆ, ಸ್ಲೈಡ್ ಪೂರ್ತಿ ಮುಚ್ಚಲ್ಲ. .45 ಸೂಪರ್‌ನಲ್ಲಿ ಮನುಷ್ಯನ ನೆನಪಿಗೆ ಬಿಟ್ಟ ಕೆಲಸವನ್ನು ಇಲ್ಲಿ ಒಂದೂವರೆ ಮಿಲಿಮೀಟರ್ ಹಿತ್ತಾಳೆ ಮಾಡುತ್ತದೆ.

ಒತ್ತಡ 40,000 ಪಿಎಸ್‌ಐ. 230 ಗ್ರೇನ್ ಗುಂಡು 1,340 ಅಡಿ ಅಂತ ಇದರ ಪ್ರಚಾರ. ಲೆಕ್ಕ ಹಾಕಿದರೆ 917 ಅಡಿ-ಪೌಂಡ್, .44 ಮ್ಯಾಗ್ನಂ ರಿವಾಲ್ವರ್‌ನ ಸೀಮೆಗೆ ಹೋದಂತಾಯಿತು. ಕರಡಿ ಇರುವ ಕಾಡಿನಲ್ಲಿ ಓಡಾಡುವವರು ಇದನ್ನು ಕಟ್ಟಿಕೊಳ್ಳುವುದಕ್ಕೆ ಕಾರಣ ಅದೇ.

ಇದಕ್ಕೆ ಬರೀ ಸ್ಪ್ರಿಂಗ್ ಸಾಲದು. ಪೂರ್ತಿ ಆಸರೆಯ ಹೊಸ ಬ್ಯಾರಲ್, 24 ಪೌಂಡ್‌ನ ಸ್ಪ್ರಿಂಗ್, ಬ್ಯಾರಲ್ ತುದಿಗೆ ಕಾಂಪನ್ಸೇಟರ್, ಮೂರೂ ಬೇಕೇ ಬೇಕು. ಕಾಂಪನ್ಸೇಟರ್ ಅಂದ ಚೆಂದಕ್ಕಲ್ಲ. ಅದರ ತೂಕ ಬ್ಯಾರಲ್‌ಗೆ ಸೇರಿ ಹಿಂದೆ ಬರುವ ವೇಗ ಇಳಿಸುತ್ತದೆ, ಗ್ಯಾಸ್ ಮೇಲೆ ಹೋಗಿ ಮೂತಿ ಕೆಳಗೆ ಒತ್ತುತ್ತದೆ. ಅದನ್ನು ಬಿಚ್ಚಿಟ್ಟು ಹಾರಿಸಿದರೆ ಫ್ರೇಮ್ ಜಜ್ಜಿಹೋಗುತ್ತದೆ. ಹಾಕಿಕೊಂಡರೆ ಪಿಸ್ತೂಲು ಉದ್ದವಾಗುತ್ತದೆ, ಹಳೇ ಹೋಲ್‌ಸ್ಟರ್‌ಗೆ ಹಿಡಿಸಲ್ಲ, ಮೇಲಕ್ಕೆ ಏಳುವ ಬೆಂಕಿ ಕತ್ತಲಲ್ಲಿ ಕಣ್ಣು ಕುಕ್ಕುತ್ತದೆ. ಎದೆಯ ಹತ್ತಿರ ಹಿಡಿದು ಹಾರಿಸುವ ಅಭ್ಯಾಸ ಇದ್ದವರು ಅದನ್ನು ಬಿಡಲೇಬೇಕು, ಆ ಗ್ಯಾಸ್ ನೇರ ಮುಖಕ್ಕೆ ಬರುತ್ತದೆ.

ಅಭ್ಯಾಸಕ್ಕೆ ಇದೇ ಬ್ಯಾರಲ್‌ನಲ್ಲಿ ಅಗ್ಗದ .45 ಎಸಿಪಿ ಹಾಕೋಣ ಅನ್ನೋದು ಬೇಡ. ಕೇಸ್ ಗಿಡ್ಡವಾದ್ದರಿಂದ ಚೇಂಬರ್‌ನ ಅಂಚಿಗೆ ಅದರ ಬಾಯಿ ತಲುಪಲ್ಲ, ಎಕ್ಸ್‌ಟ್ರಾಕ್ಟರ್‌ಗೆ ನೇತುಕೊಂಡು ನಿಲ್ಲುತ್ತದೆ. ಆ ಬಿಗಿ ಸ್ಪ್ರಿಂಗ್‌ಗೆ ಮೆದು ಕಾಟ್ರಿಡ್ಜ್‌ನ ಒದೆತವೂ ಸಾಕಾಗಲ್ಲ. ಅಭ್ಯಾಸದ ದಿನ ಹಳೇ ಬ್ಯಾರಲ್, ಹಳೇ ಸ್ಪ್ರಿಂಗ್ ಎರಡನ್ನೂ ವಾಪಸ್ ಹಾಕಿಕೊಳ್ಳಿ.

.400 ಕಾರ್‌ಬಾನ್ ಅಂತ ಇನ್ನೊಂದಿದೆ. .45ರ ಕೇಸ್‌ನ ಕತ್ತು ಕಿರಿದು ಮಾಡಿ .40ರ ಗುಂಡು ಕೂರಿಸಿದ್ದು. ಬ್ಯಾರಲ್ ಬದಲಿಸಿದರೆ ಆಯಿತು, ಮ್ಯಾಗಜೀನ್ ಅದೇ, ಹಗುರ ಗುಂಡು ಓಡುವುದೂ ಚೆನ್ನಾಗಿಯೇ. ಆದರೆ ಕಾಟ್ರಿಡ್ಜ್ ಹುಡುಕುವುದೇ ಒಂದು ಕೆಲಸ. ಅಷ್ಟಕ್ಕೆ ಬಿಡೋಣ.

10 ಎಂಎಂ: ಕಿಟ್ ಬೇಡ, ಪಿಸ್ತೂಲೇ ತಗೊಳ್ಳಿ

10 ಎಂಎಂ ಆಟೋ 1983ರಲ್ಲಿ ಬ್ರೆನ್ ಟೆನ್ ಪಿಸ್ತೂಲಿನ ಜೊತೆ ಬಂತು. ಒತ್ತಡ 37,500 ಪಿಎಸ್‌ಐ. 1986ರಲ್ಲಿ ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗದ ನಂತರ ಎಫ್‌ಬಿಐ ಇದನ್ನು ಆರಿಸಿಕೊಂಡಿತು, ಅದೂ ಮದ್ದು ಇಳಿಸಿ. ಇಳಿಸಿದ ಮೇಲೆ ಅಷ್ಟು ಉದ್ದದ ಕೇಸ್ ಯಾಕೆ ಅಂತ ಅದನ್ನೇ ಗಿಡ್ಡ ಮಾಡಿ 1990ರಲ್ಲಿ ಬಂದದ್ದೇ .40 ಎಸ್ ಆ್ಯಂಡ್ ಡಬ್ಲ್ಯೂ. 180 ಗ್ರೇನ್ ಗುಂಡು 1,200 ಅಡಿ ವೇಗ ಹಿಡಿದರೆ 575 ಅಡಿ-ಪೌಂಡ್. .45 ಸೂಪರ್‌ನ ಹತ್ತಿರ ಹತ್ತಿರವೇ.

.45ರ 1911ನ್ನು 10 ಎಂಎಂಗೆ ಬದಲಿಸುವವರಿದ್ದಾರೆ. ಆದರೆ .45ರ ರಿಮ್ 0.480 ಇಂಚು, 10 ಎಂಎಂದು 0.425. ಸ್ಲೈಡ್ ಬೇರೆ ಬೇಕು, ಬ್ಯಾರಲ್, ಎಕ್ಸ್‌ಟ್ರಾಕ್ಟರ್, ಇಜೆಕ್ಟರ್, ಮ್ಯಾಗಜೀನ್ ಎಲ್ಲ ಬೇರೆ ಬೇಕು. ಕೂಡಿಸಿ ನೋಡಿದರೆ ಹಳೆಯದರಲ್ಲಿ ಉಳಿಯುವುದು ಫ್ರೇಮ್ ಮತ್ತು ಟ್ರಿಗರ್ ಮಾತ್ರ. ಸ್ಲೈಡನ್ನು ಫ್ರೇಮ್‌ಗೆ ಹೊಂದಿಸುವ ಕೂಲಿಯೂ ಸೇರಿದರೆ ಹೊಸ ಪಿಸ್ತೂಲಿನ ಬೆಲೆಗೆ ಹತ್ತಿರ ಬಂದಿರುತ್ತೀರಿ. 10 ಎಂಎಂಗೆ ಅಂತಲೇ ಹುಟ್ಟಿದ ಗ್ಲಾಕ್ 20ರಂಥ ಪಿಸ್ತೂಲು ಇರುವಾಗ ಇಷ್ಟು ಒದ್ದಾಟ ಯಾಕೆ? ಸ್ಲೈಡ್‌ನ ತೂಕ, ಸ್ಪ್ರಿಂಗ್, ಮ್ಯಾಗಜೀನ್ ಎಲ್ಲವನ್ನೂ ತಯಾರಕರೇ ಒಂದಕ್ಕೊಂದು ಹೊಂದಿಸಿರುತ್ತಾರೆ. 500ರಿಂದ 600 ಅಡಿ-ಪೌಂಡ್ ಸಾಕು ಅನ್ನುವವರಿಗೆ, ಕಾಟ್ರಿಡ್ಜ್ ಸುಲಭವಾಗಿ ಸಿಗಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ. .460 ಬೇಕಾಗುವುದು ಅದಕ್ಕಿಂತ ಮೇಲೆ ಹೋಗಬೇಕಾದ ಗಟ್ಟಿ ಕಾರಣ ಇದ್ದವರಿಗೆ.

9x23 ವಿಂಚೆಸ್ಟರ್ ಬಗ್ಗೆ ಕೇಳುವವರೂ ಇದ್ದಾರೆ. .38 ಸೂಪರ್ 1911 ಇದ್ದವರು ಅದರತ್ತ ನೋಡುತ್ತಾರೆ. ಅದರ ಒತ್ತಡ 55,000 ಪಿಎಸ್‌ಐ. ಅದಕ್ಕೆಂದೇ ಕೊರೆದ ಪೂರ್ತಿ ಆಸರೆಯ ಬ್ಯಾರಲ್ ಇಲ್ಲದೆ ಆ ಕಡೆ ತಲೆ ಹಾಕಬೇಡಿ.

ಹೊಸ ಬ್ಯಾರಲ್ ಬಂದ ದಿನ

ಮೊದಲು ಬ್ಯಾರಲ್ ಕೈಯಲ್ಲಿ ಹಿಡಿದು, ಚೇಂಬರ್ ಬಾಯಿ ಮೇಲೆ ಮಾಡಿ, ಕಾಟ್ರಿಡ್ಜ್ ಒಂದನ್ನು ಬಿಡಿ. ತಾನಾಗೇ ಜಾರಿ ಟಪ್ ಅಂತ ಕೂರಬೇಕು. ಬ್ಯಾರಲ್ ತಿರುಗಿಸಿದರೆ ತಾನಾಗೇ ಹೊರಗೆ ಬೀಳಬೇಕು. ಬೆರಳಿನಿಂದ ಒತ್ತಬೇಕಾಗಿ ಬಂದರೆ ಅಲ್ಲಿಗೇ ನಿಲ್ಲಿಸಿ, ಗನ್‌ಸ್ಮಿತ್‌ಗೆ ತೋರಿಸಿ. ಬ್ಯಾರಲ್ ಚೇಂಬರ್ ಮೇಲೆ ಕಾಟ್ರಿಡ್ಜ್ ಹೆಸರು ಸ್ಪಷ್ಟವಾಗಿ ಕೆತ್ತಿದೆಯಾ ನೋಡಿ. ಸ್ಲೈಡ್ ಮೇಲೆ ಇನ್ನೂ ಹಳೇ ಕ್ಯಾಲಿಬರ್ ಬರೆದಿರುತ್ತದೆ, ನಾಳೆ ಇನ್ನೊಬ್ಬರ ಕೈಗೆ ಹೋದರೆ ಅವರು ಓದುವುದು ಅದನ್ನೇ.

ಕಂಪನಿಯ ಕಾಟ್ರಿಡ್ಜ್ ಬಿಟ್ಟು ಬೇರೆ ಹಾಕಬೇಡಿ. ಮೊದಲ ಸಲ ಮ್ಯಾಗಜೀನ್‌ಗೆ ಒಂದೇ ತುಂಬಿ ಹಾರಿಸಿ, ಕೇಸ್ ಎತ್ತಿ ನೋಡಿ. ಉಬ್ಬು ಇದೆಯಾ, ಪ್ರೈಮರ್‌ನ (ಕೇಸ್ ಬುಡದ ನಡುವೆ ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಬಟ್ಟಲು) ಅಂಚು ಚಪ್ಪಟೆಯಾಗಿ ಸುತ್ತಲೂ ಹರಡಿದೆಯಾ, ಫೈರಿಂಗ್ ಪಿನ್ ಬಿದ್ದ ಗುರುತು ಒಂದು ಕಡೆಗೆ ಎಳೆದಂತಿದೆಯಾ. ಎಳೆದಂತಿದ್ದರೆ ಬ್ಯಾರಲ್ ಬೇಗ ಬಿಚ್ಚಿಕೊಳ್ಳುತ್ತಿದೆ, ಸ್ಲೈಡ್ ಅವಸರದಲ್ಲಿದೆ ಅಂತ. ಕೇಸ್ ಎಷ್ಟು ದೂರ ಬಿತ್ತು ಅಂತಲೂ ಗಮನಿಸಿ. ಮಾಮೂಲಿಗಿಂತ ತೀರಾ ದೂರ ಹಾರಿದರೆ ಅದೂ ಅದೇ ಕಥೆ. ಆಮೇಲೆ ಎರಡು, ಆಮೇಲೆ ಐದು. ನೂರು ಸುತ್ತು ಆದ ಮೇಲೆ ಸ್ಲೈಡ್ ಬಿಚ್ಚಿ, ಫ್ರೇಮ್‌ಗೆ ಅದು ಬಡಿಯುವ ಜಾಗದಲ್ಲಿ ಲೋಹ ಮಿರುಗುತ್ತಿದೆಯಾ, ಅಂಚು ಮಡಚಿದೆಯಾ ಅಂತ ಬ್ಯಾಟರಿ ಹಿಡಿದು ನೋಡಿ. ಸ್ಪ್ರಿಂಗ್ ಇಲ್ಲಿ ಬೇಗ ಸೋಲುತ್ತದೆ, ಇನ್ನೊಂದು ತಂದಿಟ್ಟುಕೊಂಡಿರಿ.

ನಾನು ಜೋರಿನ ಕಾಟ್ರಿಡ್ಜ್ ಪೆಟ್ಟಿಗೆಗಳ ಮೇಲೆ ಕೆಂಪು ಟೇಪ್ ಸುತ್ತಿ, ಅವನ್ನು ಬೇರೆ ಬೀಗದ ಡಬ್ಬಿಯಲ್ಲಿ ಇಟ್ಟಿದ್ದೇನೆ. ಅದೇ ಡಬ್ಬಿಯಲ್ಲಿ ಹೊಸ ಬ್ಯಾರಲ್ ಕೂಡ ಇದೆ. ಬ್ಯಾರಲ್ ಹೊರಗೆ ಬಂದರೆ ಮಾತ್ರ ಕಾಟ್ರಿಡ್ಜ್ ಹೊರಗೆ ಬರುತ್ತದೆ.